ಉಡಕ್ಕೆ ಕಲ್ಲು, ಲಂಟಾನಕ್ಕೆ ಲೈಕು

1/9

ಕಣ್ಣಿಗೆ ಚಂದ ಕಂಡಿದ್ದೆಲ್ಲ ಪ್ರಕೃತಿ, ಚಂದ ಕಾಣದೇ ಇದ್ದಿದ್ದೆಲ್ಲ ಪೀಡೆ. ನಮ್ಮ ಬ್ಯಾಚಿನ ಪರಿಸರ ಪ್ರೇಮ ಅಂದ್ರೆ ಇಷ್ಟೇ. ಕೋಪ ಬಂತಾ? ಬರ್ಲಿ. ಒಟ್ಟು ಒಂಬತ್ತು ಕ್ಯಾಪ್ಷನ್ ಹಾಕ್ತೀನಿ. ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಎಷ್ಟು ಬೇಕಾದ್ರೂ ಬೈರಿ.

ಮೊದಲು ಸಾಕ್ಷಿ. ಒಂದೇ ವಾರದಲ್ಲಿ ನನ್ನ ಫೀಡಿಗೆ ಎರಡು ಪೋಸ್ಟ್ ಬಂದ್ವು. ಒಂದು, ನಮ್ಮ ಕಾಲೇಜಿನವ್ರೇ ಟ್ರಿಪ್ ಹೋಗಿ ತೆಗೆಸಿಕೊಂಡ ಫೋಟೋ. ಹಿಂದೆ ಮುಂದೆ ಪಿಂಕು, ಹಳದಿ, ಕೇಸರಿ ಬಣ್ಣದ ಗೊಂಚಲು ಹೂ, ಮಧ್ಯೆ ನಾಲ್ಕು ಜನ, ಕೆಳಗೆ "ಕಾಡಮ್ಮನ ಮಡಿಲಲ್ಲಿ" ಅಂತ ಕ್ಯಾಪ್ಷನ್. ಸಾವಿರದ ಹತ್ರ ಲೈಕ್. ಇನ್ನೊಂದು ಹದಿನೈದು ಸೆಕೆಂಡಿನ ರೀಲು. ಯಾವುದೋ ಹೊಸ ಲೇಔಟಿನ ಚರಂಡಿ ಪಕ್ಕ ಒಂದು ಉಡ. ಸುತ್ತ ಐದಾರು ಹುಡುಗ್ರು, ಕೈಯಲ್ಲಿ ಕಲ್ಲು, ದೊಣ್ಣೆ. ಹಿಂದೆ ಮಾಸ್ ಸಿನಿಮಾದ ಮ್ಯೂಸಿಕ್ಕು. ಕಾಮೆಂಟುಗಳು: "ಎಣ್ಣೆ ತೆಗೀರೋ", "ಥೂ ಅಸಹ್ಯ", "ಡೈನೋಸಾರ್ ಮರಿ". ಕೊನೆಗೆ ಆ ಪ್ರಾಣಿ ಏನಾಯ್ತು ಅಂತ ಒಬ್ಬರೂ ಕೇಳಿಲ್ಲ.

ಎರಡೂ ಪೋಸ್ಟಿಗೆ ಲೈಕ್ ಒತ್ತಿದವ್ರಲ್ಲಿ ಎಷ್ಟೋ ಹೆಸರು ಒಂದೇ. ಅವ್ರ ಬಯೋದಲ್ಲಿ "ನೇಚರ್ ಲವರ್" ಅಂತಲೂ ಇದೆ.

ಫೋಟೋಗೆ ಬ್ಯಾಕ್‌ಗ್ರೌಂಡ್ ಆದ ಆ ಹೂವಿನ ಪೊದೆ ಹೆಸರು ಲಂಟಾನ. ನಮ್ಮ ಕಾಡಿನ ನೆಲವನ್ನ ನುಂಗ್ತಾ ಇರೋ ಗಿಡ. ಕಲ್ಲೇಟು ತಿಂದ ಉಡ ನಮ್ಮ ನೆಲದ್ದೇ ಪ್ರಾಣಿ, ಕಾನೂನಿನಲ್ಲಿ ಹುಲಿ ಇರೋ ಪಟ್ಟಿಯಲ್ಲೇ ಅದೂ ಇದೆ.

ನಾನು ಹೇಳೋದು ಇಷ್ಟು: ನಾವು ಖಾತೆ ಉಲ್ಟಾ ಬರೆದಿದ್ದೀವಿ. ಆಸ್ತಿಯನ್ನ ಸಾಲದ ಕಡೆ, ಸಾಲವನ್ನ ಆಸ್ತಿ ಕಡೆ. ಬಿಕಾಂ ಓದೋರು ನಾವು, ನಮ್ಮ ಕಣ್ಣಿಗೇ ಇದು ಬೀಳದಿದ್ರೆ ಇನ್ಯಾರ ಕಣ್ಣಿಗೆ ಬೀಳ್ಬೇಕು?

2/9

ಮೊದಲು ಉಡದ ಕಡೆ ಬರೋಣ.

"ದೊಡ್ಡ ಹಲ್ಲಿ" ಅಂತ ಹೇಳಿ ಮುಗಿಸಿಬಿಡ್ತೀವಿ. ಬಾಲದ ತುದಿವರೆಗೆ ಅಳೆದ್ರೆ ಚೆನ್ನಾಗಿ ಬೆಳೆದ ಉಡ ಐದಡಿ ದಾಟುತ್ತೆ. ಹಾವಿನ ಥರ ಸೀಳು ನಾಲಿಗೆ, ವಾಸನೆ ಹಿಡಿಯೋದು ಅದರಿಂದಲೇ. ಮರ ಹತ್ತುತ್ತೆ, ಈಜುತ್ತೆ, ಬಿಲ ತೋಡುತ್ತೆ. ತಿನ್ನೋದು ಜೀರುಂಡೆ, ಹುಳ, ಚೇಳು, ಬಸವನಹುಳು, ಏಡಿ, ಇಲಿ, ಹಕ್ಕಿ ಮೊಟ್ಟೆ, ಸತ್ತ ಪ್ರಾಣಿ. ಅಂದ್ರೆ ಹೊಲದಲ್ಲಿ ಹುಳ ಹಿಡಿಯೋದು, ಇಲಿ ಹಿಡಿಯೋದು, ಕೊಳೆತಿದ್ದನ್ನ ಕ್ಲೀನ್ ಮಾಡೋದು, ಮೂರು ಕೆಲಸ, ಸಂಬಳ ಸೊನ್ನೆ. ಹೌದು, ಒಂದೊಂದ್ಸಲ ಕೋಳಿ ಗೂಡಿಗೂ ನುಗ್ಗುತ್ತೆ. ಅದನ್ನೂ ಬರ್ಕೊಳ್ಳಿ. ಖಾತೆ ಅಂದ್ಮೇಲೆ ಎರಡೂ ಕಡೆ ಇರ್ಬೇಕು.

ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್ ಗೊತ್ತಲ್ಲ? ಮೂರು ಮೀಟರ್‌ವರೆಗೂ ಬೆಳೆಯೋ, ಜಗತ್ತಿನ ಅತಿ ದೊಡ್ಡ ಹಲ್ಲಿ. ನಮ್ಮ ಉಡ ಅದರ ಸ್ವಂತ ದಾಯಾದಿ. ಎರಡೂ ವರಾನಸ್ ಅನ್ನೋ ಒಂದೇ ಕುಲಕ್ಕೆ ಸೇರಿದವು. 2020ರಲ್ಲಿ ರಿಂಚಾ ದ್ವೀಪದಲ್ಲಿ ಟೂರಿಸಂ ಕಾಮಗಾರಿಯ ಲಾರಿ ಎದುರಿಗೆ ನಿಂತಿದ್ದ ಒಂದು ಕೊಮೊಡೊ ಫೋಟೋ ಜಗತ್ತೆಲ್ಲ ವೈರಲ್ ಆಯ್ತು. 2021ರಲ್ಲಿ ಐಯುಸಿಎನ್ ಅದನ್ನ ಅಳಿವಿನಂಚಿನಲ್ಲಿರೋ ಜೀವಿಗಳ ಸಾಲಿಗೆ ಸೇರಿಸ್ತು. ಸಮುದ್ರ ಮಟ್ಟ ಏರಿ, ಮುಂದಿನ 45 ವರ್ಷದಲ್ಲಿ ಅದಕ್ಕೆ ತಕ್ಕ ನೆಲೆ ಶೇ 30ರಷ್ಟಾದ್ರೂ ಕಮ್ಮಿ ಆಗುತ್ತೆ ಅನ್ನೋದು ಅವ್ರ ಅಂದಾಜು. ಆಗ ನಮ್ಮವ್ರೂ ಅಳೋ ಎಮೋಜಿ ಹಾಕಿದ್ರು. ತಪ್ಪಿಲ್ಲ, ಹಾಕ್ಬೇಕು.

ಆದ್ರೆ ಅದೇ ಕೆಂಪು ಪಟ್ಟಿಯಲ್ಲಿ ನಮ್ಮ ಉಡ "ಅಪಾಯಕ್ಕೆ ಹತ್ತಿರ" ಅನ್ನೋ ಸಾಲಲ್ಲಿದೆ. ಅದರ ಚರ್ಮ, ಮಾಂಸ, ಕೊಬ್ಬು ಎಲ್ಲಕ್ಕೂ ಗಿರಾಕಿ ಇದ್ದಾರೆ. ಸಾವಿರಾರು ಕಿಲೋಮೀಟರ್ ದೂರದ ಅಣ್ಣನಿಗೆ ಕಣ್ಣೀರು, ಮನೆ ಹಿಂದಿನ ತಮ್ಮನಿಗೆ ಕಲ್ಲು. ಇದ್ಯಾವ ನ್ಯಾಯ ಗುರು?

3/9

ಈಗ ಲಂಟಾನ.

ಇದು ನಮ್ಮ ದೇಶದ ಗಿಡ ಅಲ್ಲ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕ. 1800ರ ದಶಕದ ಶುರುವಿನಲ್ಲಿ ಬ್ರಿಟಿಷರು ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್ನಿಗೆ ತಂದ್ರು. ಯಾಕೆ ತಂದ್ರು? ಹೊಟ್ಟೆಗೆ ಅಲ್ಲ, ಔಷಧಿಗೂ ಅಲ್ಲ, ಅಂದಕ್ಕೆ. ಬಂಗಲೆ ಮುಂದೆ ಬೇಲಿ ಚೆನ್ನಾಗಿ ಕಾಣಲಿ ಅಂತ. ಇನ್ನೂರು ವರ್ಷದ ಹಿಂದೆ ಯಾವ ಕಾರಣಕ್ಕೆ ಬಂತೋ ಇವತ್ತೂ ಅದೇ ಕಾರಣಕ್ಕೆ ಲೈಕ್ ತಗೊಳ್ತಾ ಇದೆ.

ಹೂ ಬುದ್ಧಿವಂತ ಹೂ. ಅರಳಿದಾಗ ಒಂದು ಬಣ್ಣ, ದಿನ ಕಳೆದ ಹಾಗೆ ಇನ್ನೊಂದು, ಅದಕ್ಕೇ ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣ. ಚೆನ್ನಾಗಿ ಬೆಳೆದ ಒಂದು ಗಿಡ ವರ್ಷಕ್ಕೆ 12,000 ಹಣ್ಣಿನವರೆಗೂ ಬಿಡಬಲ್ಲದು. ಹಣ್ಣು ತಿಂದ ಪಿಕಳಾರ ಹಕ್ಕಿ ಬೀಜವನ್ನ ಊರೆಲ್ಲ ಹಂಚಿ ಬರುತ್ತೆ. ಕಡಿದ್ರೆ ಬುಡದಿಂದ ಮತ್ತೆ ಚಿಗುರುತ್ತೆ. ದಟ್ಟವಾಗಿ ಹಬ್ಬಿದ ಕಡೆ ಕೆಳಗೆ ಬಿಸಿಲು ಬೀಳಲ್ಲ, ಹುಲ್ಲು ಬರಲ್ಲ, ಕಾಡುಮರದ ಸಸಿ ಮೇಲೇಳಲ್ಲ.

ಹೋಲಿಸಿ ನೋಡಿ. ಉಡ ಒಂದ್ಸಲಕ್ಕೆ ಇಡೋದು ಸುಮಾರು 20 ಮೊಟ್ಟೆ. ನೆಲದಲ್ಲೋ ಹುತ್ತದಲ್ಲೋ ತೋಡಿ, ಇಟ್ಟು, ಮುಚ್ಚಿ ಹೋಗುತ್ತೆ. ಮರಿ ಹೊರಗೆ ಬರೋಕೆ ತಿಂಗಳುಗಟ್ಟಲೆ ಬೇಕು. ಅದರಲ್ಲಿ ನಾಯಿ, ಮುಂಗುಸಿ, ಹದ್ದು, ಟ್ರ್ಯಾಕ್ಟರ್ ಎಲ್ಲ ದಾಟಿ ದೊಡ್ಡದಾಗೋದು ಎಷ್ಟು? ಒಂದು ದೊಡ್ಡ ಉಡ ಸತ್ರೆ ಆ ಜಾಗ ತುಂಬೋಕೆ ವರ್ಷಗಳೇ ಹಿಡಿಯುತ್ತೆ. ಒಂದು ಲಂಟಾನ ಕಡಿದ್ರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಇರುತ್ತೆ.

ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಮ್ಮ ದೇಶದ ಹುಲಿ ನೆಲೆಗಳ ಶೇ 40ಕ್ಕಿಂತ ಹೆಚ್ಚು ಜಾಗದಲ್ಲಿ ಈ ಗಿಡ ಇದೆ. ಶೇ 40. ಇಂಟರ್ನಲ್ಸ್‌ನಲ್ಲಿ ನಮಗೆ ಪಾಸ್ ಆಗೋಕೆ ಸಾಕಾಗೋ ಅಷ್ಟು!

4/9

"ನಿಂಗ್ಯಾಕೆ ಇಷ್ಟು ಉರಿ?" ಅಂತ ಒಬ್ರು ಡಿಎಂ ಮಾಡಿದ್ರು. ಹೇಳ್ತೀನಿ.

ನಮ್ಮೂರು ಹನೂರು ಕಡೆ, ಕಾಡಂಚು. ನಮ್ಮ ತಾತನ ಕಾಲದಲ್ಲಿ ಕಾಡೊಳಗೆ ದೊಡ್ಡಿ ಹಾಕಿ ದನ ಮೇಯಿಸೋರು. ಈಗ ಮನೇಲಿ ಉಳಿದಿರೋದು ಎರಡು ಹಸು. ಹಸು ಕಮ್ಮಿ ಆಗೋಕೆ ಕಾರಣ ಹತ್ತಿದೆ. ಅದ್ರಲ್ಲಿ ಒಂದು, ಮೇಯೋಕೆ ಹುಲ್ಲಿಲ್ಲ. ಗುಡ್ಡ ಪೂರ್ತಿ ಹಸಿರಾಗೇ ಇದೆ, ಡ್ರೋನ್ ಹಾರಿಸಿದ್ರೆ ವಿಡಿಯೋ ಸಕ್ಕತ್ತಾಗಿ ಬರುತ್ತೆ. ಕೆಳಗಿಳಿದು ನೋಡಿದ್ರೆ ಆಳೆತ್ತರ ಮುಳ್ಳುಪೊದೆ. ಬೇರೇನೂ ಸಿಗದೆ ದನ ಅದನ್ನೇ ಬಾಯಿಗೆ ಹಾಕಿದ್ರೆ ಎಲೆಯಲ್ಲಿರೋ ವಿಷ ಲಿವರ್ ಹಾಳು ಮಾಡುತ್ತೆ. ಕಾಮಾಲೆ ಬರುತ್ತೆ, ಬಿಸಿಲಿಗೆ ನಿಂತ್ರೆ ಚರ್ಮ ಬಿರಿಯುತ್ತೆ. ತಾತ ಹೇಳೋದು ಒಂದೇ ಮಾತು: "ಹೂವ ಬುಟ್ರೆ ಅದ್ರಲ್ಲಿ ಇನ್ನೇನದೆ ಮೊಗ?"

ಹುಲ್ಲಿಲ್ಲದೇ ಇರೋದು ನಮ್ಮ ಹಸುಗೆ ಮಾತ್ರ ಅಲ್ಲ. ಜಿಂಕೆಗೂ ಇಲ್ಲ, ಕಾಟಿಗೂ ಇಲ್ಲ, ಆನೆಗೂ ಕಮ್ಮಿ. ಆನೆ ಹೊಲಕ್ಕೆ ಯಾಕೆ ಇಳಿಯುತ್ತೆ ಅಂತ ಟಿವಿಯಲ್ಲಿ ಚರ್ಚೆ ಮಾಡ್ತಾರಲ್ಲ, ಅದಕ್ಕಿರೋ ಹಲವು ಕಾರಣದಲ್ಲಿ ಇದನ್ನೂ ಸೇರಿಸಿ ಮಾತಾಡಿ. ರಾತ್ರಿ ಮಚಾನ್ ಮೇಲೆ ಕೂತು ಜೋಳ ಕಾಯೋರು ನಿಮ್ಮ ಫಾಲೋಯಿಂಗ್ ಲಿಸ್ಟಲ್ಲಿ ಇಲ್ಲ, ಆದ್ರೆ ಇದ್ದಾರೆ.

ಬೆಂಕಿ ಕಥೆ ಇನ್ನೊಂದು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಿದ್ದು ನೆನಪಿದೆಯಲ್ಲ, ಆಗ ನಾವು ಹೈಸ್ಕೂಲು. ಸಾವಿರಾರು ಎಕರೆ ಸುಟ್ಟೋಯ್ತು. ಬೇಸಿಗೆಗೆ ಒಣಗಿ ನಿಂತ ಲಂಟಾನ ಅಂದ್ರೆ ಕಾಡಿನ ತುಂಬ ಸೌದೆ ಪೇರಿಸಿಟ್ಟ ಹಾಗೆ. ನೆಲದ ಹುಲ್ಲಿಗೆ ಬಿದ್ದ ಬೆಂಕಿ ಬೇಗ ಹಾದುಹೋಗುತ್ತೆ. ಪೊದೆಗೆ ಹತ್ತಿದ ಬೆಂಕಿ ಮರದ ತಲೆವರೆಗೂ ಏರುತ್ತೆ.

ನಮ್ಮ ಸಿಲಬಸ್ಸಲ್ಲಿ ಇದಕ್ಕೆ ಹೆಸರಿದೆ: ವಿಂಡೋ ಡ್ರೆಸ್ಸಿಂಗ್. ಒಳಗೆ ಕಂಪನಿ ಮುಳುಗ್ತಾ ಇದ್ರೂ ಬ್ಯಾಲೆನ್ಸ್ ಶೀಟ್ ಥಳಥಳ ಅನ್ನೋ ಹಾಗೆ ತೋರಿಸೋದು. ಲಂಟಾನ ನಮ್ಮ ಕಾಡಿನ ವಿಂಡೋ ಡ್ರೆಸ್ಸಿಂಗ್.

5/9

ಈ ಭಾಗ ಓದುವಾಗ ಸ್ವಲ್ಪ ಹೊಟ್ಟೆ ತೊಳಸಬಹುದು. ಆದ್ರೂ ಓದಿ.

"ಹತ್ಥಾ ಜೋಡಿ" ಅಂತ ಕೇಳಿದ್ದೀರಾ? ಎರಡು ಕೈ ಮುಗಿದ ಹಾಗೆ ಕಾಣೋ ಒಣ ವಸ್ತು. ಅಪರೂಪದ ಗಿಡದ ಬೇರು, ಕುಂಕುಮದ ಜೊತೆ ಬೆಳ್ಳಿ ಡಬ್ಬಿಯಲ್ಲಿಟ್ಟು ಪೂಜೆ ಮಾಡಿದ್ರೆ ದುಡ್ಡು ಬರುತ್ತೆ, ಕೋರ್ಟ್ ಕೇಸ್ ಗೆಲ್ತೀರಿ, ವಶೀಕರಣ ಆಗುತ್ತೆ ಅಂತ ಮಾರ್ತಾ ಇದ್ರು. ಸಂತೆಯಲ್ಲಿ ಮಾತ್ರ ಅಲ್ಲ, ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ, ಫೋಟೋ ಸಮೇತ, ಹೋಮ್ ಡೆಲಿವರಿ.

2017ರಲ್ಲಿ ವನ್ಯಜೀವಿ ಸಂಸ್ಥೆಗಳು ಇದರ ಹಿಂದೆ ಬಿದ್ದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ್ವು. ಬೇರೂ ಅಲ್ಲ, ಗಿಡವೂ ಅಲ್ಲ. ಅದು ಗಂಡು ಉಡದ ಜನನಾಂಗ. ಕತ್ತರಿಸಿ, ಒಣಗಿಸಿ, ಬೇರು ಅಂತ ಹೆಸರಿಟ್ಟು ಮಾರಿದ್ದು. ಕೆಲವು ಕಡೆ ಅಸಲಿ ಉಡದ್ದೂ ಅಲ್ಲ, ಪ್ಲಾಸ್ಟಿಕ್ ಅಚ್ಚು!

ಈಗ ಹೇಳಿ, ಪ್ರಾಣಿಗೂ ಗಿಡಕ್ಕೂ ನಮ್ಮ ಮನಸ್ಸಲ್ಲಿರೋ ವ್ಯತ್ಯಾಸ ಏನು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಉಡ ಅಂತ ಹೇಳಿದ್ರೆ "ಥೂ". ಬೇರು ಅಂತ ಹೇಳಿದ್ರೆ "ಸ್ವಾಮಿ, ಎಷ್ಟು ರೇಟು?" ಅಡುಗೆಮನೆಗೆ ಮೊಟ್ಟೆ ತರೋಕೆ ಬಿಡದ ಮನೆಗಳಲ್ಲೂ ದೇವರ ದೀಪದ ಪಕ್ಕ ಇದು ಕೂತಿರಬಹುದು. ಮಾರೋನಿಗೆ ನಮ್ಮ ವೀಕ್ನೆಸ್ ಗೊತ್ತು. ಗಿಡ ಅಂದ್ರೆ ಪವಿತ್ರ, ಹಲ್ಲಿ ಅಂದ್ರೆ ಅಸಹ್ಯ. ಆ ವೀಕ್ನೆಸ್ಸೇ ಅವನ ಬಂಡವಾಳ.

ಇದಕ್ಕೂ ಲಂಟಾನ ಫೋಟೋಗೂ ಏನ್ ಸಂಬಂಧ ಅಂತೀರಾ? ಕಣ್ಣು ಒಂದೇ. ಹೂವು, ಬೇರು, ಎಲೆ ಅಂದ ತಕ್ಷಣ ಪ್ರಶ್ನೆ ಕೇಳೋದನ್ನ ನಿಲ್ಲಿಸೋ ಕಣ್ಣು. ಯಾವ ಗಿಡ, ಎಲ್ಲಿಂದ ಬಂತು, ಏನು ಮಾಡ್ತಾ ಇದೆ ಅಂತ ಕೇಳಲ್ಲ. ಉಡದ ವಿಷಯದಲ್ಲೂ ಕೇಳಲ್ಲ, ಅಲ್ಲಿ ನೇರ ತೀರ್ಪು.

ರೇಟಿನ ವಿಷಯಕ್ಕೆ ಬಂದ್ರೆ, ಕಾನೂನಿನ ರೇಟ್ ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಉಡ ಇದೆ. ಬೇಟೆಯಾಡಿದ್ರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಆ ಹದಿನೈದು ಸೆಕೆಂಡಿನ ರೀಲ್ ಹಾಕಿದ ಬ್ರೋ, ನೀನೇ ನಿನ್ನ ವಿರುದ್ಧ ಸಾಕ್ಷಿ ಅಪ್‌ಲೋಡ್ ಮಾಡಿದ್ದೀಯ.

6/9

"ನಮ್ಮ ಸಂಸ್ಕೃತಿಯಲ್ಲಿ ಉಡ ಅಪಶಕುನ, ಮನೆ ಹೊಕ್ಕರೆ ದರಿದ್ರ" ಅಂತ ಒಬ್ರು ಬರೆದಿದ್ದಾರೆ. ಯಾವ ಸಂಸ್ಕೃತಿ ಸ್ವಾಮಿ? ಪೂರ್ತಿ ಹೇಳಿ.

ಬಿಗಿಯಾಗಿ ಹಿಡಿದವರನ್ನ "ಉಡದ ಹಿಡಿತ" ಅಂತ ಹೊಗಳೋದು ನಮ್ಮ ಭಾಷೆನೇ. ಮರಾಠಿಯಲ್ಲಿ ಉಡಕ್ಕೆ ಘೋರ್ಪಡ್ ಅಂತಾರೆ. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆ ಗೋಡೆ ಹತ್ತಿದ ಪೂರ್ವಿಕರಿಂದ ಘೋರ್ಪಡೆ ಅನ್ನೋ ಮನೆತನದ ಹೆಸರು ಬಂತು ಅನ್ನೋದು ಐತಿಹ್ಯ. ನಿಜವಾಗ್ಲೂ ಉಡದ ಮೇಲೆ ಭಾರ ಹಾಕಿ ಹತ್ತಿದ್ರಾ, ಅದು ಬೇರೆ ಚರ್ಚೆ. ಆದ್ರೆ ಆ ಹೆಸರನ್ನ ಹೆಮ್ಮೆಯಿಂದ ಹೊತ್ತವರು ನಮ್ಮ ಮುಧೋಳ ಮತ್ತು ಸಂಡೂರಿನ ಅರಸರು. ಅಪಶಕುನದ ಹೆಸರನ್ನ ಯಾರಾದ್ರೂ ಅರಮನೆ ಬಾಗಿಲಿಗೆ ಬರೆಸ್ತಾರಾ?

ಬಿಕಾಂನವ್ರಿಗೆ ಒಂದು ಸ್ಪೆಷಲ್ ಮಾಹಿತಿ. ಸಂಡೂರಿನ ಎಂ.ವೈ. ಘೋರ್ಪಡೆ 1970ರ ದಶಕದಲ್ಲಿ ನಮ್ಮ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಅವರೇ ದೇಶದ ಹೆಸರಾಂತ ವನ್ಯಜೀವಿ ಫೋಟೋಗ್ರಾಫರ್ ಕೂಡ. ಬಜೆಟ್ಟೂ ಗೊತ್ತಿತ್ತು, ಕ್ಯಾಮೆರಾನೂ ಗೊತ್ತಿತ್ತು, ಹೆಸರಲ್ಲೇ ಉಡ ಇತ್ತು. ಲೆಕ್ಕ ಓದಿದವರಿಗೆ ಕಾಡಿನ ಉಸಾಬರಿ ಯಾಕೆ ಅನ್ನೋರಿಗೆ ನನ್ನ ಉತ್ತರ ಅವರು.

ಇನ್ನೊಂದು ಕಡೆನೂ ಮುಚ್ಚಿಡಲ್ಲ. ಕರ್ನಾಟಕ ಸಂಗೀತದ ಖಂಜಿರಕ್ಕೆ ಹಿಂದಿನಿಂದ ಕಟ್ತಾ ಇದ್ದಿದ್ದು ಉಡದ ಚರ್ಮ. ಉತ್ತರ ಕನ್ನಡದ ಗುಮಟೆಗೂ ಅದೇ. ಅಂದ್ರೆ ನಮ್ಮ ಕಲೆಯ ಖಾತೆಯಲ್ಲೂ ಉಡದ ಸಾಲ ಇದೆ. ಕಾನೂನು ಬಂದ ಮೇಲೆ ಆಡಿನ ಚರ್ಮಕ್ಕೆ, ಸಿಂಥೆಟಿಕ್‌ಗೆ ಬದಲಾದವರು ಇದ್ದಾರೆ. ನಾದ ಸ್ವಲ್ಪ ಬೇರೆ ಅಂತಾರೆ ಗೊತ್ತಿರೋರು. ಆದ್ರೂ ಬದಲಾದ್ರು. ತಲೆತಲಾಂತರದ ಕಸುಬನ್ನೇ ಬದಲಾಯಿಸಿಕೊಂಡೋರು ಇರುವಾಗ, ಸೊಂಟ ನೋವಿಗೆ ಉಡದ ಎಣ್ಣೆ, ಗಂಡಸ್ತನಕ್ಕೆ ಉಡದ ಮಾಂಸ ಅನ್ನೋ ಬುರುಡೆಯನ್ನ ನಾವು ಬಿಡೋಕಾಗಲ್ವಾ? ಸೊಂಟ ನೋವಿಗೆ ಡಾಕ್ಟರ್ ಇದ್ದಾರೆ ಕಣ್ರೋ.

7/9

ಈಗ ತಪ್ಪು ಯಾರ ತಲೆಗೆ ಕಟ್ತೀವಿ ಅನ್ನೋ ವಿಷಯ. ನಂಗೆ ಜಾಸ್ತಿ ಸಿಟ್ಟು ಬರೋದು ಇಲ್ಲೇ.

ಕಾಡು ಹಾಳಾಯ್ತು ಅಂದ ಕೂಡ್ಲೇ ಕಾಡಲ್ಲಿರೋ ಜನರ ಕಡೆ ಬೆರಳು ತೋರಿಸ್ತೀವಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹತ್ರ ಕೇಳಿ. ಅವರಲ್ಲಿ "ತರಗು ಬೆಂಕಿ" ಅನ್ನೋ ಪದ್ಧತಿ ಇತ್ತು. ಬೇಸಿಗೆ ಜೋರಾಗೋ ಮೊದಲೇ ನೆಲದ ತರಗೆಲೆಗೆ ಸಣ್ಣದಾಗಿ ಬೆಂಕಿ ಹಾಕೋದು. ಮರಕ್ಕೆ ಏಟಾಗಲ್ಲ, ಹೊಸ ಹುಲ್ಲು ಬರುತ್ತೆ, ಕಳೆ ಸಸಿ ಸಾಯುತ್ತೆ. 1970ರ ದಶಕದಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತೋಯ್ತು. ಅದು ನಿಂತ ಮೇಲೆ ಲಂಟಾನ ಹೆಚ್ಚಾಯ್ತು, ನೆಲ್ಲಿ ಮರಕ್ಕೆ ಬಂದಳಿಕೆ ಹೆಚ್ಚಾಯ್ತು ಅಂತ ಸೋಲಿಗರು ವರ್ಷಗಳಿಂದ ಹೇಳ್ತಾ ಬಂದಿದ್ದಾರೆ. ಸಂಶೋಧಕರು ಅದೇ ಬೆಟ್ಟದಲ್ಲಿ 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಇರೋ ಜಾಗಗಳು ಹೆಚ್ಚುಕಮ್ಮಿ ಎರಡು ಪಟ್ಟಾಗಿದ್ವು. ಗೊತ್ತಿದ್ದವರ ಮಾತು ಕೇಳಲಿಲ್ಲ. ಕೇಳದೇ ಇದ್ದವರಿಗೆ ಗೊತ್ತಿರಲಿಲ್ಲ.

2011ರಲ್ಲಿ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕೂ ಸಿಕ್ತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆ ಜೊತೆ ಸೇರಿ ಅಲ್ಲಿನ ಜನ ಲಂಟಾನ ಕಡ್ಡಿಯನ್ನ ಬೇಯಿಸಿ, ಸಿಪ್ಪೆ ಸುಲಿದು, ಕುರ್ಚಿ ಟೇಬಲ್ ಮಾಡ್ತಾರೆ. ನೀಲಗಿರಿ ಕಡೆ ಆದಿವಾಸಿ ಕಲಾವಿದರು ಇದೇ ಕಡ್ಡಿಯಿಂದ ನಿಜವಾದ ಆನೆ ಗಾತ್ರದ ಆನೆಗಳನ್ನ ಮಾಡಿದ್ದಾರೆ. ಅವು ವಿದೇಶಕ್ಕೂ ಹೋಗಿ ಬಂದಿವೆ. ಲಂಟಾನದ ಜೊತೆ ಫೋಟೋ ಬೇಕಾ? ಅದ್ರ ಪಕ್ಕ ನಿಂತು ತೆಗೆಸಿಕೊಳ್ಳಿ, ನಾನೇ ಲೈಕ್ ಒತ್ತುತೀನಿ.

ಉಡದ ವಿಷಯದಲ್ಲೂ ಇದೇ ಅನ್ಯಾಯ. ಸಿಕ್ಕಿಬೀಳೋದು ಉಡ ಹಿಡಿದ ಬಡವ. ಎಣ್ಣೆಗೆ, ಮಾಂಸಕ್ಕೆ, "ಬೇರಿಗೆ" ಸಾವಿರಾರು ರೂಪಾಯಿ ಕೊಡೋ ಗಿರಾಕಿ ಕಾರಲ್ಲಿ ಬಂದು ಕಾರಲ್ಲಿ ಹೋಗ್ತಾನೆ. ಡಿಮ್ಯಾಂಡ್ ಇಲ್ದೆ ಸಪ್ಲೈ ಇಲ್ಲ. ಫಸ್ಟ್ ಸೆಮ್ ಎಕನಾಮಿಕ್ಸ್.

8/9

ಇಲ್ಲಿವರೆಗೆ ಕಾಡಿನ ಮಾತಾಯ್ತು. ಈಗ ನಮ್ಮ ಕ್ಯಾಂಪಸ್. ಕಾಲೇಜ್ ಹೆಸರು ಬರೆಯಲ್ಲ, ಕ್ಲಾಸ್‌ಮೇಟ್ಸ್‌ಗೆ ಗೊತ್ತು.

ಹಿಂಭಾಗದ ಕಾಂಪೌಂಡ್ ಹತ್ರ ಒಂದು ಹಳೇ ಹುತ್ತ ಇತ್ತು. ಉಡ ಓಡಾಡೋದನ್ನ ವಾಚ್‌ಮನ್ ಅಣ್ಣ ಎಷ್ಟೋ ಸಲ ನೋಡಿದ್ದಾರೆ. "ಗ್ರೀನ್ ಕ್ಯಾಂಪಸ್" ಮಾಡ್ತೀವಿ ಅಂತ ಹೋದ ವರ್ಷ ಜೆಸಿಬಿ ತಂದು ಹುತ್ತ ಸಮ ಮಾಡಿದ್ರು. ಆ ಜಾಗದಲ್ಲಿ ನರ್ಸರಿಯಿಂದ ತಂದ ಹೂವಿನ ಗಿಡ ಸಾಲಾಗಿ ನೆಟ್ರು. ಯಾವ ಗಿಡ? ಹಳದಿ ಮತ್ತು ನೇರಳೆ ಹೂವಿನ ಲಂಟಾನ. ಪಕ್ಕದಲ್ಲಿ ಬೋರ್ಡು: "ಪ್ರಕೃತಿಯನ್ನು ಪ್ರೀತಿಸಿ". ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯೋ ಊರಲ್ಲಿ ಹುತ್ತ ಕೆಡವಿ ಗ್ರೀನ್ ಕ್ಯಾಂಪಸ್!

ಕಾಮೆಂಟಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ:

"ಲಂಟಾನಕ್ಕೆ ಚಿಟ್ಟೆ ಬರುತ್ತಲ್ಲ?" ಬರುತ್ತೆ, ಮಕರಂದ ಕುಡಿಯುತ್ತೆ. ಆದ್ರೆ ಚಿಟ್ಟೆ ಮೊಟ್ಟೆ ಇಟ್ಟು, ಮರಿಹುಳು ತಿಂದು ಬೆಳೆಯೋಕೆ ಬೇಕಾಗಿರೋದು ಕರಿಬೇವು, ನಿಂಬೆ, ಎಕ್ಕ, ಈಶ್ವರಿ ಬಳ್ಳಿ ಥರದ ಗಿಡಗಳು. ಜ್ಯೂಸ್ ಅಂಗಡಿ ಇದ್ದ ಮಾತ್ರಕ್ಕೆ ಊರು ಆಗಲ್ಲ.

"ಉಡ ಕಚ್ಚಿದ್ರೆ?" ಅದು ನಾಗರಹಾವಿನ ಹಾಗೆ ವಿಷ ಹಾಕೋ ಪ್ರಾಣಿ ಅಲ್ಲ. ಮನುಷ್ಯನ್ನ ಕಂಡ್ರೆ ಓಡುತ್ತೆ. ಓಡೋ ದಾರಿ ಮುಚ್ಚಿ ಕೋಲಲ್ಲಿ ತಿವಿದ್ರೆ ಬುಸುಗುಟ್ಟುತ್ತೆ, ಬಾಲದಲ್ಲಿ ಬಾರಿಸುತ್ತೆ, ಕಚ್ಚುತ್ತೆ. ನೀವಾಗಿದ್ರೂ ಅದನ್ನೇ ಮಾಡ್ತಿದ್ರಿ.

"ಲಂಟಾನ ಉಡವನ್ನ ಸಾಯಿಸುತ್ತಾ?" ನಾನು ಹಾಗೆ ಹೇಳೇ ಇಲ್ಲ. ಆ ಪೊದೆ ಕೆಳಗೆ ಉಡ ಅಡಗಿ ಕೂರಲೂಬಹುದು. ಎರಡನ್ನ ಒಂದೇ ಪುಟದಲ್ಲಿ ಇಟ್ಟಿದ್ದು ನಮ್ಮ ಕಣ್ಣು ಅವನ್ನ ಹೇಗೆ ಅಳೆಯುತ್ತೆ ಅಂತ ತೋರಿಸೋಕೆ.

"ಗಿಡವನ್ನ ದ್ವೇಷಿಸೋದು ತಪ್ಪಲ್ವಾ?" ಗಿಡದ ಮೇಲೆ ದ್ವೇಷ ಇಲ್ಲ ಮಾರಾಯ. ಅದು ತನ್ನ ಪಾಡಿಗೆ ಬೆಳೀತಾ ಇದೆ. ತಂದಿದ್ದು ನಾವು, ಮಾರ್ತಿರೋದು ನಾವು, ನೆಡ್ತಿರೋದೂ ನಾವು.

"ಉಡ ಎಲ್ಲ ಕಡೆ ಇದ್ಯಲ್ಲ, ಎಲ್ಲಿ ಕಮ್ಮಿ ಆಗಿದೆ?" ಅಪಾಯಕ್ಕೆ ಹತ್ತಿರ ಅಂದ್ರೇನೇ ಇನ್ನೂ ಕಾಣಸಿಗುತ್ತೆ ಅಂತ. ಕಾಣಸಿಗೋವಾಗ ಉಳಿಸೋದು ಸುಲಭ. ಅಕೌಂಟ್ ಖಾಲಿ ಆದ್ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ಏನು ಪ್ರಯೋಜನ?

9/9

ಬೈದಿದ್ದಾಯ್ತು, ಈಗ ಕೆಲಸ. ನಾಲ್ಕೇ ವಿಷಯ.

ಒಂದು. ಲಂಟಾನ ಜೊತೆ ಫೋಟೋ ಹಾಕ್ಬೇಡಿ ಅಂತ ಹೇಳಲ್ಲ. ಹಾಕಿ, ಹೆಸರು ಬರೀರಿ. "ಕಾಡಮ್ಮನ ಮಡಿಲು" ಬದಲು "ಲಂಟಾನ, ಅಮೆರಿಕದ್ದು, ಇದರ ಕೆಳಗೆ ಹುಲ್ಲು ಬರಲ್ಲ" ಅಂತ ಒಂದು ಸಾಲು. ಲೈಕ್ ಹತ್ತು ಕಮ್ಮಿ ಆಗ್ಬಹುದು, ನೋಡೋ ಹತ್ತು ಜನಕ್ಕೆ ವಿಷಯ ಗೊತ್ತಾಗುತ್ತೆ.

ಎರಡು. ಉಡ ಕಂಡ್ರೆ ದಾರಿ ಬಿಡಿ. ಮನೆಯೊಳಗೆ ಬಂದು ಸಿಕ್ಕಿಕೊಂಡಿದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ದೂರದಿಂದ ಫೋಟೋ ತೆಗೆದ್ರೆ ಹಾಕಿ, ಲೊಕೇಶನ್ ಮಾತ್ರ ಹಾಕ್ಬೇಡಿ. ನಿಮ್ಮ ಫಾಲೋವರ್ಸ್‌ನಲ್ಲಿ ಎಣ್ಣೆ ಹುಡುಕೋರೂ ಇರ್ತಾರೆ.

ಮೂರು. ಎಣ್ಣೆ, ಮಾಂಸ, ಚರ್ಮ, "ಹತ್ಥಾ ಜೋಡಿ", ಯಾರೇ ಮಾರಿದ್ರೂ ಕೊಳ್ಳಬೇಡಿ, ಮನೇಲೂ ಹೇಳಿ. ನಿಮ್ಮ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಲ್ಲಿ ಫಾರ್ವರ್ಡ್ ಮಾಡಿದ್ರೆ ಮರ್ಯಾದೆಯಿಂದನೇ ಹೇಳಿ, "ಚಿಕ್ಕಪ್ಪ, ಇದು ಬೇರಲ್ಲ". ಏನು ಅಂತ ಅವ್ರು ಕೇಳಿದ್ರೆ ಭಾಗ ಐದು ತೋರಿಸಿ, ನೀವು ಹೇಳೋ ಮುಜುಗರ ತಪ್ಪುತ್ತೆ.

ನಾಲ್ಕು, ಮುಖ್ಯವಾದದ್ದು. ನಮ್ಮ ಎನ್‌ಎಸ್‌ಎಸ್ ಕ್ಯಾಂಪ್ ಮುಂದಿನ ತಿಂಗಳು. ಈ ಸಲವೂ ಗುಂಡಿ ತೋಡಿ, ಸಸಿ ಹಿಡಿದು ಫೋಟೋ ತೆಗೆಸಿ, ಮರೆತುಬಿಡೋ ಪ್ಲಾನ್ ಇದೆ. ಅದರ ಬದಲು ಎರಡು ಕೆಲಸ ಮಾಡೋಣ ಅಂತ ಪತ್ರ ಬರೆದಿದ್ದೀನಿ. ಮೊದಲನೇದು, ಕಾಂಪೌಂಡ್ ಪಕ್ಕದ ಲಂಟಾನ ಸಾಲು ತೆಗೆಯೋದು. ಮೇಲೆ ಕತ್ತರಿಸಿದ್ರೆ ಸಾಲ್ದು. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ.ಆರ್. ಬಾಬು ತಂಡ ರೂಪಿಸಿದ ವಿಧಾನ ಇದೆ: ಮಣ್ಣಿನ ಮಟ್ಟಕ್ಕಿಂತ ಕೆಳಗೆ ಮುಖ್ಯ ಬೇರನ್ನ ಕತ್ತರಿಸಿ, ಗಿಡವನ್ನ ತಲೆಕೆಳಗಾಗಿಡೋದು. ಮತ್ತೆ ಚಿಗುರೋಕೆ ಆಗಲ್ಲ. ಆ ಜಾಗದಲ್ಲಿ ನಮ್ಮ ಕಡೆಯ ಹುಲ್ಲು, ತಂಗಡಿ, ಲಕ್ಕಿ ಹಾಕೋಣ, ಮೂರು ವರ್ಷ ನೋಡಿಕೊಳ್ಳೋ ಪಾಳಿನೂ ಬರೆದಿಡೋಣ. ಎರಡನೇದು, ಹಿಂಭಾಗದಲ್ಲಿ ಉಳಿದಿರೋ ಇನ್ನೊಂದು ಹುತ್ತದ ಸುತ್ತ ಹತ್ತಡಿ ಜಾಗವನ್ನ ಯಾರೂ ಮುಟ್ಟದ ಹಾಗೆ ಬಿಡೋದು. ಬೋರ್ಡೂ ಬೇಡ, ಉದ್ಘಾಟನೆನೂ ಬೇಡ, ಸುಮ್ನೆ ಬಿಡೋದು. ಖರ್ಚು ಸೊನ್ನೆ.

2022ರ ತಿದ್ದುಪಡಿಯಲ್ಲಿ ಅದೇ ವನ್ಯಜೀವಿ ಕಾಯ್ದೆಗೆ ಹೊರಗಿನ ಆಕ್ರಮಣಕಾರಿ ಜೀವಿಗಳನ್ನ ನಿಯಂತ್ರಿಸೋ ಅಧಿಕಾರವನ್ನೂ ಸೇರಿಸಿದ್ದಾರೆ. ಅಂದ್ರೆ ಕಾನೂನು ಪುಸ್ತಕದಲ್ಲಿ ಎರಡೂ ಕಡೆಗೂ ಜಾಗ ಇದೆ, ಕಾಯ್ಬೇಕಾದ್ದಕ್ಕೂ, ತಡೀಬೇಕಾದ್ದಕ್ಕೂ. ನಮ್ಮ ಕ್ಯಾಂಪಸ್ಸಲ್ಲಿ ಮಾತ್ರ ಎಂಟ್ರಿ ಉಲ್ಟಾ ಇದೆ.

ಪತ್ರಕ್ಕೆ ಇವತ್ತಿನವರೆಗೆ 31 ಸಹಿ ಆಗಿದೆ. 100 ಆದ್ರೆ ಪ್ರಿನ್ಸಿಪಾಲ್ ಹತ್ರ ತಗೊಂಡು ಹೋಗ್ತೀನಿ. ಸೋಮವಾರ ಮಧ್ಯಾಹ್ನ ಊಟದ ಟೈಮಲ್ಲಿ ಲೈಬ್ರರಿ ಮೆಟ್ಟಿಲ ಹತ್ರ ಇರ್ತೀನಿ, ಪೆನ್ನು ನಾನೇ ತರ್ತೀನಿ. ಆ ಟ್ರಿಪ್ ಫೋಟೋ ಹಾಕಿದ ನಾಲ್ಕು ಜನವೂ ಬನ್ನಿ, ಜಗಳ ಇಲ್ಲ.

#ಉಡ #ಲಂಟಾನ #ಬಿಕಾಂಕಣ್ಣಲ್ಲಿಕಾಡು #ಹೆಸರುಬರೀರಿ #ಹನೂರು